ಮನೆಯಂಗಳದ ಪರಿಮಳದ ಗಿಡಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನಮ್ಮದು 30×40 ಸೈಟಿನ ಮನೆ. ಕಾರು ನಿಲ್ಲಿಸಿ, ಸಂಪು ತೋಡಿ ಉಳಿದ ಮಣ್ಣೆಂದರೆ ಮುಂದೆ ಏಳೆಂಟು ಅಡಿ, ಪಕ್ಕದಲ್ಲಿ ಮೂರಡಿ ಪಟ್ಟಿ. ಅಷ್ಟರಲ್ಲೇ ವಾಸನೆ ಹೂವಿನ ಗಿಡಗಳನ್ನು ಸಾಕಿಕೊಂಡು ಬಂದಿದ್ದೇನೆ, ಕೆಲವನ್ನು ಕೈಯಾರೆ ಸಾಯಿಸಿಯೂ ಇದ್ದೇನೆ. ಗೇಟಿನ ಹತ್ತಿರ ನಿಂತು ನೆಂಟರು, ನೆರೆಯವರು, ಹಾಲು ಹಾಕುವವರು ಕೇಳಿದ ಪ್ರಶ್ನೆಗಳೇ ಇಲ್ಲಿರುವುದು.

ಯಾವ ಗಿಡ ಹಾಕಲಿ ಹೇಳಿ?

ನಾನು ತಿರುಗಿ ಕೇಳುವುದು ಒಂದೇ: ನೀವು ಮನೆಯಲ್ಲಿರುವ ಹೊತ್ತು ಯಾವುದು? ಬಣ್ಣ ಹಗಲಿಡೀ ಕಾಣುತ್ತದೆ. ಪರಿಮಳಕ್ಕೆ ಅದರದೇ ಹೊತ್ತಿದೆ. ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಬರುವವರು ಪನ್ನೀರು ಗುಲಾಬಿ ಹಾಕಿಕೊಂಡರೆ ಘಮವೆಲ್ಲ ಎದುರುಮನೆಯವರ ಪಾಲು. ಗುಲಾಬಿ ಬೆಳಗಿನ ಹೂ. ಬಿಸಿಲೇರಿದಂತೆ ಅದರ ಎಣ್ಣೆ ಆರಿಹೋಗುತ್ತದೆ.

ದುಂಡುಮಲ್ಲಿಗೆ ಬಿರಿಯುವುದು ಮುಸ್ಸಂಜೆಗೆ. ಜಾಜಿಯೂ ಸಂಜೆಯದೇ, ಆದರೆ ಮಲ್ಲಿಗೆಯ ಭರಾಟೆ ಇಳಿದು ಮಳೆಗಾಲ ಹಿಡಿದ ಮೇಲೆ ಅದರ ಕಾಲ. ರಾತ್ರಿರಾಣಿ ಹೆಸರಿಗೆ ತಕ್ಕಂತೆ ಊಟದ ಹೊತ್ತಿಗೆ ಶುರುಮಾಡಿ ಬೆಳಗಾಗುವಷ್ಟರಲ್ಲಿ ಬಾಯಿ ಮುಚ್ಚುತ್ತದೆ. ಪಾರಿಜಾತ ಕತ್ತಲಾದ ಮೇಲೆ ಅರಳಿ ನಸುಕಿಗೆ ಉದುರುತ್ತದೆ. ವಾಕಿಂಗ್ ಹೋಗುವವರಿಗೆ, ಬೆಳಿಗ್ಗೆ ಬೇಗ ರಂಗೋಲಿ ಹಾಕುವವರಿಗೆ ಅದು ಹೇಳಿಮಾಡಿಸಿದ್ದು. ಗಂಧರಾಜ ಒಂದೇ ಹಗಲು-ರಾತ್ರಿ ಎನ್ನದೆ ಘಮಘಮ ಎನ್ನುವುದು. ಬೆಳ್ಳಗೆ ಅರಳಿ, ಎರಡು ಮೂರು ದಿನದಲ್ಲಿ ಬೆಣ್ಣೆ ಬಣ್ಣಕ್ಕೆ ತಿರುಗಿ, ಹಳದಿಯಾದ ಮೇಲೂ ಒಂದಿಷ್ಟು ವಾಸನೆ ಉಳಿಸಿಕೊಂಡಿರುತ್ತದೆ.

ಎರಡನೆಯದು, ನೀವು ಕೂರುವ ಜಾಗ. ಎಲ್ಲರೂ ಗಿಡವನ್ನು ಕಾಂಪೌಂಡಿನ ಮೂಲೆಗೆ ಒತ್ತುತ್ತಾರೆ, ಆಮೇಲೆ ವಾಸನೆಯೇ ಬರೋದಿಲ್ಲ ಎನ್ನುತ್ತಾರೆ. ಮಲ್ಲಿಗೆಯನ್ನು ಜಗುಲಿಯಿಂದ ನಾಲ್ಕೈದು ಅಡಿಯೊಳಗೆ ಇಡಿ. ರಾತ್ರಿರಾಣಿಯನ್ನು ಇಪ್ಪತ್ತಡಿ ಆಚೆ ಇಡಿ. ನಮ್ಮಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬರುವುದು ಮಳೆಗಾಲದಲ್ಲಿ, ಚಳಿಗಾಲದಲ್ಲಿ ಪೂರ್ವದ ಕಡೆಯಿಂದ. ಗಿಡ ಹೂ ಬಿಡುವ ತಿಂಗಳಲ್ಲಿ ಗಾಳಿ ಯಾವ ಕಡೆಯಿಂದ ಮನೆಯೊಳಗೆ ನುಗ್ಗುತ್ತದೆ ಎಂದು ಒಂದು ಸಂಜೆ ಊದುಬತ್ತಿ ಹಚ್ಚಿಟ್ಟು ನೋಡಿದರೆ ಸಾಕು, ಜಾಗ ತಾನಾಗಿ ಗೊತ್ತಾಗುತ್ತದೆ.

ವಾಸನೆ ಹೂಗಳೆಲ್ಲ ಯಾಕೆ ಬಿಳಿ? ರಾತ್ರಿಯೇ ಯಾಕೆ?

ರಾತ್ರಿ ಹಾರುವ ಪತಂಗಗಳಿಗೋಸ್ಕರ. ಕತ್ತಲಲ್ಲಿ ಕೆಂಪು, ನೀಲಿ ಏನು ಉಪಯೋಗ? ಬಿಳಿ ಒಂದಿಷ್ಟು ಕಾಣುತ್ತದೆ, ಉಳಿದ ಕೆಲಸವೆಲ್ಲ ವಾಸನೆಯದು. ಮಲ್ಲಿಗೆಯ, ಗಂಧರಾಜದ ಹೂವಿನ ಉದ್ದ ಕೊಳವೆಯ ತಳದ ಮಕರಂದಕ್ಕೆ ಪತಂಗದ ಉದ್ದ ಸೊಂಡಿಲೇ ಬೇಕು. ನಾವು ಮುಡಿಯುವುದು, ದೇವರಿಗೇರಿಸುವುದು ಎಲ್ಲ ಆ ಮಾತುಕತೆಯ ನಡುವೆ ಬಾಯಿ ಹಾಕಿದಂತೆ.

ಮಲ್ಲಿಗೆ ಗಿಡ ಹುಲುಸಾಗಿದೆ, ಎಲೆ ಸೊಂಪಾಗಿದೆ, ಹೂವು ಮಾತ್ರ ಬಿಡ್ತಿಲ್ಲ. ಯಾಕೆ?

ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಉತ್ತರ ಕೇಳಿ ಬೇಜಾರಾಗುವವರೂ ಇದ್ದಾರೆ: ನೀವು ಅದನ್ನು ಮುದ್ದು ಮಾಡಿ ಕೆಡಿಸಿದ್ದೀರಿ.

ಮೊದಲು ಬಿಸಿಲು ಲೆಕ್ಕ ಹಾಕಿ. ದುಂಡುಮಲ್ಲಿಗೆಗೆ ದಿನಕ್ಕೆ ಕನಿಷ್ಠ 5-6 ಗಂಟೆ ನೇರ ಬಿಸಿಲು ಬೇಕು. "ಬೆಳಕು ಚೆನ್ನಾಗಿದೆ" ಎನ್ನುವುದು ಬೇರೆ, ಬಿಸಿಲು ಬೇರೆ. ಪಕ್ಕದವರು ಮೂರನೇ ಮಹಡಿ ಏರಿಸಿದ ವರ್ಷವೇ ನಿಮ್ಮ ಮಲ್ಲಿಗೆ ಮುನಿಸಿಕೊಂಡಿದ್ದರೆ ಕಾರಣ ಹುಡುಕಬೇಕಾಗಿಲ್ಲ. ನೆರಳಿನಲ್ಲಿ ಅದು ಬಳ್ಳಿಯ ಹಾಗೆ ಎಳೆದುಕೊಂಡು ಬೆಳಕು ಹುಡುಕುತ್ತಾ ಹೋಗುತ್ತದೆ, ಗೆಣ್ಣು ದೂರ ದೂರ, ಎಲೆ ದೊಡ್ಡದು, ಹೂ ಸೊನ್ನೆ. ಬೇರೆ ಜಾಗವಿಲ್ಲದಿದ್ದರೆ ತಾರಸಿಗೆ ಕಳಿಸಿ.

ಬಿಸಿಲಿದ್ದೂ ಹೂವಿಲ್ಲವೆಂದರೆ ನೀರು, ಗೊಬ್ಬರ, ಕತ್ತರಿ ಮೂರರಲ್ಲೊಂದು ತಪ್ಪಿದೆ. ದಿನಾ ನೀರು, ತಿಂಗಳಿಗೊಮ್ಮೆ ಸಗಣಿ ಗೊಬ್ಬರ ಅಥವಾ ಯೂರಿಯಾ ಹಾಕುತ್ತಿದ್ದರೆ ಗಿಡಕ್ಕೆ ಎಲೆ ಬಿಡುವುದೇ ಸುಖ. ಹೂವಿಗೆ ಸಾರಜನಕಕ್ಕಿಂತ ರಂಜಕ, ಪೊಟ್ಯಾಷ್ ಹೆಚ್ಚು ಬೇಕು. ತೋಟದವರು ಗಿಡವೊಂದಕ್ಕೆ ವರ್ಷಕ್ಕೆ ಕೊಡುವ ಲೆಕ್ಕ ಸಾರಜನಕ 60, ರಂಜಕ 120, ಪೊಟ್ಯಾಷ್ 120 ಗ್ರಾಂ, ಜೊತೆಗೆ 10 ಕೆಜಿ ಕೊಟ್ಟಿಗೆ ಗೊಬ್ಬರ, ಅದನ್ನೂ ಎರಡು ಕಂತಿನಲ್ಲಿ. ಮನೆಯ ಗಿಡಕ್ಕೆ ಅಷ್ಟು ಬೇಕಿಲ್ಲ. ಪ್ರಮಾಣ ಎತ್ತ ವಾಲಿದೆ ಎಂಬುದನ್ನು ಮಾತ್ರ ಗಮನಿಸಿ. ನಾನು ಕೊಡುವುದು ಹಳೆಯ ಕೊಟ್ಟಿಗೆ ಗೊಬ್ಬರ, ಮೂಳೆಪುಡಿ, ಒಂದು ಹಿಡಿ ಬೇವಿನ ಹಿಂಡಿ.

ಇನ್ನು ಕತ್ತರಿ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೇ ಕೊಂಬೆಯನ್ನು ಸವರದಿದ್ದರೆ ಹೊಸ ಚಿಗುರೆಲ್ಲಿಂದ ಬರಬೇಕು? ನಮ್ಮಲ್ಲಿ ದುಂಡುಮಲ್ಲಿಗೆ ಸವರುವ ಕಾಲ ನವೆಂಬರ್ ಕೊನೆ, ಕಾರ್ತೀಕ ಮುಗಿಯುವ ಆಸುಪಾಸು. ಅದಕ್ಕೆ ಹತ್ತು ಹದಿನೈದು ದಿನ ಮುಂಚೆಯೇ ನೀರು ನಿಲ್ಲಿಸಿಬಿಡಿ. ಎಲೆ ಬಾಡಿದರೆ ಬಾಡಲಿ, ಕಣ್ಣು ಮುಚ್ಚಿಕೊಳ್ಳಿ. ನಂತರ ನೆಲದಿಂದ ಒಂದೂವರೆ ಅಡಿ, ಅಂದರೆ ಮೊಣಕಾಲಿನ ಮಟ್ಟಕ್ಕೆ ಸವರಿ, ಒಣಕಲು, ಒಂದಕ್ಕೊಂದು ಉಜ್ಜುವ ಕೊಂಬೆ ತೆಗೆದು, ಉಳಿದ ಎಲೆಯನ್ನೂ ಕಿತ್ತುಹಾಕಿ. ಬುಡ ಬಿಡಿಸಿ, ಎರಡು ದಿನ ಬಿಸಿಲು ಕಾಣಿಸಿ, ಗೊಬ್ಬರ ಕೊಟ್ಟು ಪಾತಿ ಕಟ್ಟಿ, ಆಮೇಲೆ ಒಂದು ಸಲ ಚೆನ್ನಾಗಿ ನೀರು. ಡಿಸೆಂಬರಿನ ಚಳಿಯಲ್ಲಿ ಗಿಡ ಬೋಳಾಗಿ ನಿಂತಿದ್ದನ್ನು ನೋಡಿ ನಮ್ಮತ್ತೆ ಮೊದಲ ವರ್ಷ ನನ್ನ ಹತ್ತಿರ ಎರಡು ದಿನ ಮಾತೇ ಬಿಟ್ಟಿದ್ದರು. ಮಾರ್ಚಿನಲ್ಲಿ ಅವರೇ ಬೀದಿಯವರನ್ನೆಲ್ಲ ಕರೆದು ತೋರಿಸಿದರು. ಮಾರ್ಚಿನಿಂದ ಜೂನ್‌ವರೆಗೆ ಸುಗ್ಗಿ. ಪ್ರತಿ ಸುತ್ತು ಹೂ ಮುಗಿದಾಗ ತುದಿಯ ನಾಲ್ಕು ಬೆರಳು ಚಿವುಟಿ, ಮತ್ತೆ ಕವಲೊಡೆಯುತ್ತದೆ.

ಸೂಜಿಮಲ್ಲಿಗೆಯನ್ನು ಸವರುವುದು ಜನವರಿ ಕೊನೆಗೆ, ಜಾಜಿಯನ್ನು ಡಿಸೆಂಬರ್ ಕೊನೆಗೆ. ಮೂರನ್ನೂ ಒಂದೇ ದಿನ ಸವರಿ ಕೈ ತೊಳೆದುಕೊಳ್ಳಬೇಡಿ.

ನರ್ಸರಿಯವರು ಮೈಸೂರು ಮಲ್ಲಿಗೆ ಅಂತ ಕೊಟ್ಟರು. ನಿಜವೋ ಸುಳ್ಳೋ ಹೇಗೆ ತಿಳಿಯುವುದು?

ಗಿಡ ನೋಡಿ ಹೇಳುವುದು ಕಷ್ಟ, ಹೂ ಬಿಡುವತನಕ ಕಾಯಬೇಕು. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಮೂರಕ್ಕೂ ಜಿಐ (ಭೌಗೋಳಿಕ ಗುರುತು) ಮಾನ್ಯತೆಯಿದೆ. ಆ ಹೆಸರು ಆಯಾ ಸೀಮೆಯ ಮಣ್ಣಿನಲ್ಲಿ ಬೆಳೆದ ಹೂವಿಗೆ ಸೇರಿದ್ದು, ಕವರಿನಲ್ಲಿ ಮಾರುವ ಗಿಡಕ್ಕಲ್ಲ. ಉಡುಪಿ ಹತ್ತಿರದ ಶಂಕರಪುರದಲ್ಲಿ ಹೂವನ್ನು ಬಾಳೆನಾರಿನಲ್ಲಿ ಕಟ್ಟಿ ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುತ್ತಾರೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಲ್ಲಿಯ ಜಂಬಿಟ್ಟಿಗೆ ಮಣ್ಣು, ಕಡಲ ಗಾಳಿ, ಬೆಳೆಗಾರರ ನಿಗಾ ಎಲ್ಲ ಸೇರಿ ಅಟ್ಟೆಗೆ ಆ ಬೆಲೆ. ಅದೇ ಗಿಡವನ್ನು ತಂದು ನಮ್ಮ ಕೆಮ್ಮಣ್ಣಿಗೆ ನೆಟ್ಟರೆ ಒಳ್ಳೆಯ ಮಲ್ಲಿಗೆಯೇ ಬರುತ್ತದೆ, ಆದರೆ ಅಟ್ಟೆಯ ಹೂವಲ್ಲ.

ನಾನೊಮ್ಮೆ "ಅಸಲಿ ಮೈಸೂರು ಮಲ್ಲಿಗೆ" ಎಂದು ಎರಡರಷ್ಟು ದುಡ್ಡು ಕೊಟ್ಟು ತಂದದ್ದು ಕಾಕಡ ಆಗಿತ್ತು. ಕಾಕಡ ಕೆಟ್ಟ ಗಿಡವೇನಲ್ಲ, ನೀರು ಕಡಿಮೆಯಾದರೂ ತಾಳುತ್ತದೆ, ಮಲ್ಲಿಗೆಯಿಲ್ಲದ ಕಾಲದಲ್ಲಿ ಹಾರಕ್ಕೆ ಒದಗುತ್ತದೆ. ವಾಸನೆ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಎಲೆಯ ಮೇಲೆ ಕೈಯಾಡಿಸಿದರೆ ಸಣ್ಣ ರೋಮ ತಗಲುತ್ತದೆ. ದುಂಡುಮಲ್ಲಿಗೆ ಎಲೆ ನುಣುಪು, ಹೊಳಪು. ಅಷ್ಟನ್ನು ನೋಡಿ ತನ್ನಿ. ಇನ್ನೂ ಒಳ್ಳೆಯದು, ಹೂ ಬಿಟ್ಟ ಗಿಡವನ್ನೇ ಸಂಜೆ ಹೊತ್ತು ಮೂಸಿ ನೋಡಿ ಕೊಳ್ಳುವುದು. ಮಧ್ಯಾಹ್ನ ಹನ್ನೆರಡಕ್ಕೆ ನರ್ಸರಿಗೆ ಹೋಗಿ ಮಲ್ಲಿಗೆ ಆರಿಸುವುದು ನಿದ್ದೆ ಹೊಡೆಯುವವನ ಹಾಡು ಪರೀಕ್ಷಿಸಿದಂತೆ.

ಗಂಧರಾಜದ ಎಲೆ ಹಳದಿಯಾಗ್ತಿದೆ, ಮೊಗ್ಗು ಅರಳದೇ ಉದುರ್ತಿದೆ.

ಬೋರ್‌ವೆಲ್ ನೀರು ಹಾಕುತ್ತಿದ್ದೀರಾ? ಹತ್ತರಲ್ಲಿ ಎಂಟು ಮನೆಯ ಕಥೆ ಇದೇ. ಗಂಧರಾಜಕ್ಕೆ ಹುಳಿ ಮಣ್ಣು ಬೇಕು, ಪಿಎಚ್ 5ರಿಂದ 6. ನಮ್ಮ ಬೋರಿನ ಗಡಸು ನೀರಿನಲ್ಲಿ ಸುಣ್ಣ. ಹಾಕುತ್ತಾ ಹೋದಂತೆ ಮಣ್ಣು ಕ್ಷಾರಕ್ಕೆ ತಿರುಗುತ್ತದೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಎಟುಕುವುದಿಲ್ಲ, ಅಟ್ಟದ ಮೇಲಿನ ಡಬ್ಬಿಯ ಹಾಗೆ. ಗುರುತು ಸುಲಭ: ಚಿಗುರೆಲೆ ಹಳದಿ, ಅದರ ನರ ಮಾತ್ರ ಹಸಿರು. ಹಳೇ ಎಲೆ ಬುಡದಿಂದ ಹಳದಿಯಾಗುತ್ತಾ ಬಂದರೆ ಅದು ಬೇರೆ ರೋಗ, ಸಾಮಾನ್ಯವಾಗಿ ಗೊಬ್ಬರದ ಕೊರತೆ ಅಥವಾ ಬುಡದಲ್ಲಿ ನೀರು ನಿಂತದ್ದು.

ತಕ್ಷಣಕ್ಕೆ ಅನ್ನಭೇದಿ. ಗ್ರಂಧಿಗೆ ಅಂಗಡಿಯಲ್ಲಿ ಆ ಹೆಸರಿಗೆ ಸಿಗದಿದ್ದರೆ ಗೊಬ್ಬರದಂಗಡಿಯಲ್ಲಿ ಫೆರಸ್ ಸಲ್ಫೇಟ್ ಎಂದು ಕೇಳಿ. ಒಂದು ಲೀಟರ್ ನೀರಿಗೆ 5 ಗ್ರಾಂ ಕರಗಿಸಿ, ಒಂದೆರಡು ಹನಿ ನಿಂಬೆರಸ ಹಿಂಡಿ, ಬಿಸಿಲಿಳಿದ ಮೇಲೆ ಎಲೆಗೆ ಸಿಂಪಡಿಸಿ. ಹದಿನೈದು ದಿನಕ್ಕೊಮ್ಮೆಯಂತೆ ಎರಡು ಮೂರು ಸಲ. ಗ್ರಾನೈಟ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಇದನ್ನು ಕಲಿತದ್ದು ನಮ್ಮ ಮೆಟ್ಟಿಲಿನ ಮೇಲೆ. ಕಾಯಂ ಪರಿಹಾರವೆಂದರೆ ಮಳೆನೀರು. ಒಂದು ಡ್ರಮ್ಮು ಗಂಧರಾಜಕ್ಕೆಂದೇ ತುಂಬಿಸಿಡಿ. ಅದೂ ಆಗದಿದ್ದರೆ ಕುಂಡದಲ್ಲಿ ಬೆಳೆಸಿ, ಎಲೆಗೊಬ್ಬರ ಹೆಚ್ಚಾಗಿ ಬೆರೆಸಿ, ಎರಡು ವರ್ಷಕ್ಕೊಮ್ಮೆ ಮಣ್ಣು ಬದಲಿಸಿ. ಒಲೆ ಬೂದಿ ಮಾತ್ರ ಇದಕ್ಕೆ ಹಾಕಲೇಬೇಡಿ.

ಮೊಗ್ಗು ಉದುರುವುದಕ್ಕೆ ಇನ್ನೊಂದು ಕಾರಣ, ಮೊಗ್ಗು ಕಟ್ಟಿದ ಮೇಲೆ ಗಿಡವನ್ನು ಅಲ್ಲಿಂದ ಇಲ್ಲಿಗೆ ಎತ್ತಿಡುವುದು, ಒಂದು ದಿನ ಒಣಗಿಸಿ ಮರುದಿನ ಕೊಡ ಸುರಿಯುವುದು. ಮಲ್ಲಿಗೆಗೆ ಉಪವಾಸ ಒಗ್ಗುತ್ತದೆ, ಗಂಧರಾಜಕ್ಕೆ ಒಗ್ಗುವುದಿಲ್ಲ. ಮಡಿಕೇರಿ, ಸಕಲೇಶಪುರದ ಕಡೆ ಮಣ್ಣೇ ಹುಳಿ, ಗಾಳಿಯಲ್ಲಿ ತೇವ. ಅಲ್ಲಿ ಬೇಲಿಗೆ ಬೆಳೆದ ಗಂಧರಾಜ ನೋಡಿದಾಗ ನನಗೆ ನಮ್ಮನೆಯದರ ಮೇಲೆ ಕನಿಕರ ಬಂತು.

ಮಲ್ಲಿಗೆ ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಉದುರುತ್ತೆ. ದೃಷ್ಟಿಯಾಗಿದೆ ಅಂತಾರೆ.

ದೃಷ್ಟಿಯಲ್ಲ, ನೊಣ. ಸೊಳ್ಳೆಗಿಂತ ಸಣ್ಣದೊಂದು ನೊಣ ಎಳೆ ಮೊಗ್ಗಿನಲ್ಲಿ ಮೊಟ್ಟೆಯಿಡುತ್ತದೆ, ಮರಿ ಒಳಗೆ ರಸ ಹೀರುತ್ತದೆ, ಮೊಗ್ಗಿನ ಬುಡ ಊದಿ ಬಣ್ಣಗೆಟ್ಟು ಉದುರುತ್ತದೆ. ಮೊಗ್ಗಿನಲ್ಲಿ ತೂತಿದ್ದು ಬಲೆಯಂಥ ನೂಲು ಕಂಡರೆ ಅದು ಬೇರೆ, ಮೊಗ್ಗು ಕೊರೆಯುವ ಹುಳು.

ಎರಡಕ್ಕೂ ಮನೆಮದ್ದು ಒಂದೇ, ಆದರೆ ಸೋಮಾರಿಗಳಿಗಲ್ಲ. ಹಾಳಾದ ಮೊಗ್ಗನ್ನು ದಿನಾ ಆರಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿ ಎಸೆಯಬೇಕು. ಬುಡದಲ್ಲಿ ಉದುರಿಬಿಟ್ಟರೆ ಹುಳು ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ಮೇಲೇಳುತ್ತದೆ. ಹಾಗಾಗಿ ವಾರಕ್ಕೊಮ್ಮೆ ಬುಡದ ಮಣ್ಣು ಕೆದಕಿ ಬೇವಿನ ಹಿಂಡಿ ಬೆರೆಸಿ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಕದಡಿ ಸಂಜೆ ಸಿಂಪಡಿಸಿ. ಮುಡಿಯುವ, ದೇವರಿಗಿಡುವ, ಮಕ್ಕಳು ಮೂಸುವ ಹೂವಿಗೆ ಘಾಟು ಔಷಧ ಹೊಡೆಯುವುದು ನನಗಂತೂ ಸರಿಬರುವುದಿಲ್ಲ.

ಬೇಸಿಗೆಯಲ್ಲಿ ಎಲೆ ಮಂಕಾಗಿ, ಕೆಳಗೆ ಸಣ್ಣ ಜೇಡರಬಲೆಯಂತೆ ಕಂಡರೆ ಅದು ನುಸಿ. ಪೈಪಿನಲ್ಲಿ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆಯಿರಿ, ಮೂರ್ನಾಲ್ಕು ಬೆಳಗು ಹೀಗೆ ಮಾಡಿದರೆ ಹೆಚ್ಚಿನ ಪಾಲು ಹೋಗುತ್ತದೆ.

ನಂದಿಬಟ್ಟಲು ರಾತ್ರೋರಾತ್ರಿ ಬೋಳಾಯ್ತು!

ಹಸಿರು ಹುಳು, ಹೆಬ್ಬೆರಳು ಗಾತ್ರ, ಮೈಮೇಲೆ ಎರಡು ನೀಲಿ ಕಣ್ಣಿನಂಥ ಗುರುತು. ಕಣಗಲೆ ಪತಂಗದ ಮರಿ ಅದು. ನಂದಿಬಟ್ಟಲು, ಕಣಗಲೆ ಎರಡನ್ನೂ ತಿನ್ನುತ್ತದೆ. ಕಚ್ಚುವುದಿಲ್ಲ. ಟಾರ್ಚು ಹಿಡಿದು ಹಿಕ್ಕೆ ಬಿದ್ದ ಜಾಗದ ಮೇಲ್ಗಡೆ ಹುಡುಕಿದರೆ ಸಿಕ್ಕೇಸಿಗುತ್ತದೆ. ಗಿಡ ಸಾಯುವುದಿಲ್ಲ, ಮೂರು ವಾರದಲ್ಲಿ ಚಿಗುರುತ್ತದೆ. ನಾನು ಒಂದೆರಡನ್ನು ಬಿಟ್ಟುಬಿಡುತ್ತೇನೆ, ಆ ಪತಂಗದಷ್ಟು ಚೆಂದದ ಹಸಿರು ರೇಷ್ಮೆ ಯಾವ ಸೀರೆ ಅಂಗಡಿಯಲ್ಲೂ ನೋಡಿಲ್ಲ.

ಅಂದ ಹಾಗೆ ವಾಸನೆ ಬೇಕೆಂದರೆ ಸುತ್ತು ನಂದಿಬಟ್ಟಲು ಹಾಕಿ. ಐದು ಎಸಳಿನದಕ್ಕಿಂತ ಸುತ್ತಿನದರಲ್ಲಿ, ಅದೂ ರಾತ್ರಿ ಹೊತ್ತು, ಕಂಪು ಚೆನ್ನಾಗಿರುತ್ತದೆ. ಅರೆನೆರಳಿನಲ್ಲೂ ಬೆಳೆಯುವ, ಗಡಸು ನೀರಿಗೂ ಗೊಣಗದ, ಕೊಂಬೆ ಚುಚ್ಚಿದರೂ ಬದುಕುವ ಗಿಡ ಇದು. ಪೂಜೆಗೆ ವರ್ಷವಿಡೀ ಹೂ. ಮೊದಲ ಗಿಡ ಯಾವುದಿರಲಿ ಎಂದು ತೀರ ಹೊಸಬರು ಕೇಳಿದರೆ ನಾನು ಮಲ್ಲಿಗೆ ಹೇಳುವುದಿಲ್ಲ, ಇದನ್ನೇ ಹೇಳುತ್ತೇನೆ.

ರಾತ್ರಿರಾಣಿ ಹಾಕಿದರೆ ಹಾವು ಬರುತ್ತಂತೆ?

ಹೂವಿನ ವಾಸನೆಗೆ ಹಾವು ಬರುವುದಿಲ್ಲ. ಸಂಪಿಗೆ, ಕೇದಗೆಯ ಮೇಲೂ ಇದೇ ಆಪಾದನೆ. ಹಾವು ಬರುವುದು ಇಲಿ, ಕಪ್ಪೆ, ಹಲ್ಲಿಗೆ. ಅವು ಸೇರಿಕೊಳ್ಳುವುದು ನೆಲಕ್ಕೆ ತಾಗಿ ದಟ್ಟವಾಗಿ ಬೆಳೆದ ಪೊದೆಯಲ್ಲಿ, ಅದರಡಿಯ ತರಗೆಲೆಯಲ್ಲಿ. ಹಾಗಾಗಿ ಹಿರಿಯರ ಭಯ ಪೂರ್ತಿ ಸುಳ್ಳೂ ಅಲ್ಲ, ಕಾರಣ ಮಾತ್ರ ಬೇರೆ. ಯಾವುದೇ ಪೊದೆಯಾಗಲಿ ಬುಡದ ಒಂದಡಿಯನ್ನು ಬೋಳಾಗಿಡಿ, ಕಸ ಗುಡಿಸಿ, ಗಿಡದಡಿ ಇಟ್ಟಿಗೆ, ಒಡೆದ ಕುಂಡ ಪೇರಿಸಬೇಡಿ.

ರಾತ್ರಿರಾಣಿಯ ನಿಜವಾದ ತೊಂದರೆ ಬೇರೆ. ನಾನದನ್ನು ಮಲಗುವ ಕೋಣೆಯ ಕಿಟಕಿಯಡಿ ನೆಟ್ಟೆ. ಮೊದಲ ಹೂವಿನ ರಾತ್ರಿ ಮನೆಯವರೆಲ್ಲ ಆಹಾ ಅಂದೆವು. ಮೂರನೆಯ ರಾತ್ರಿ ತಲೆನೋವು. ಐದನೆಯ ರಾತ್ರಿ ಕಿಟಕಿ ಮುಚ್ಚಿ ಸೆಕೆಯಲ್ಲಿ ಮಲಗಿದೆವು. ಗಿಡ ಈಗ ಗೇಟಿನಾಚೆ ಇದೆ, ಅಲ್ಲಿಂದ ಬರುವ ವಾಸನೆ ಸರಿಯಾದ ಅಳತೆಯದು. ಇದೊಂದಕ್ಕೆ ಗೊಬ್ಬರದ ಚಿಂತೆ ಬೇಡ. ಹೂವಿನ ಒಂದೊಂದು ಸುತ್ತು ಮುಗಿದಂತೆ ಮೂರನೇ ಒಂದು ಭಾಗ ಸವರಿ, ಇಲ್ಲದಿದ್ದರೆ ಪುಡಿರೌಡಿಯ ಹಾಗೆ ದಾರಿಗೆ ಅಡ್ಡ ಬೀಳುತ್ತದೆ.

ಮನೆಯಲ್ಲಿ ಮಗು ಇದೆ, ನಾಯಿ ಇದೆ. ಯಾವುದು ಬೇಡ?

ರಾತ್ರಿರಾಣಿಯ ಎಲೆ, ಕಾಯಿ ಎಲ್ಲವೂ ವಿಷ. ಕಣಗಲೆ ಅದಕ್ಕಿಂತ ಅಪಾಯ, ಹಸು-ಕರು ತಿಂದರೂ ಉಳಿಯುವುದು ಕಷ್ಟ. ನೇರಳೆಯಾಗಿ ಅರಳಿ ಮೂರು ದಿನದಲ್ಲಿ ಬೆಳ್ಳಗಾಗುವ "ಯೆಸ್ಟರ್‌ಡೇ-ಟುಡೇ-ಟುಮಾರೋ" ಎಂಬ ಚೆಂದದ ಗಿಡದ ಕಾಯಿ-ಬೀಜ ನಾಯಿಗೆ ವಿಷ. ನಾಯಿಮರಿಯಿರುವ ಮನೆಗೆ ಅದು ಬೇಡವೇ ಬೇಡ. ಮಲ್ಲಿಗೆ, ಜಾಜಿ, ಪಾರಿಜಾತ, ಗುಲಾಬಿ ನಿಶ್ಚಿಂತೆ. ಗುಲಾಬಿಗೆ ಮುಳ್ಳಿದೆ, ಅಷ್ಟೆ.

ಪಾರಿಜಾತ ಚಿಕ್ಕ ಸೈಟಿಗೆ ಆಗುತ್ತಾ?

ಆಗುತ್ತದೆ, ಕತ್ತರಿ ಕೈಯಲ್ಲಿದ್ದರೆ. ಬಿಟ್ಟರೆ ಹದಿನೈದು ಇಪ್ಪತ್ತಡಿ ಮರವಾಗುತ್ತದೆ. ಆಗಸ್ಟಿನಿಂದ ಡಿಸೆಂಬರ್‌ವರೆಗೆ ಹೂವು, ಅದು ಮುಗಿದ ಮೇಲೆ ಚಳಿಗಾಲದ ಕೊನೆಗೆ ಎದೆಮಟ್ಟಕ್ಕೆ ಸವರಿ. ಚಪ್ಪಟೆ ಕಾಯಿಯ ಬೀಜದಿಂದಲೂ ಬರುತ್ತದೆ. ಕೆಲವು ವರ್ಷ ಕಂಬಳಿಹುಳು ಮುತ್ತುತ್ತದೆ. ಅದಕ್ಕೇ ಬಟ್ಟೆ ಒಣಹಾಕುವ ತಂತಿಯ ಹತ್ತಿರ ನೆಡಬೇಡಿ, ಒಳಂಗಿಯಲ್ಲಿ ಒಂದು ರೋಮ ಸಿಕ್ಕಿಕೊಂಡರೆ ದಿನವಿಡೀ ತುರಿಕೆ.

ಬೇರೆ ಹೂ ನೆಲಕ್ಕೆ ಬಿದ್ದರೆ ಪೂಜೆಗಿಲ್ಲ, ಪಾರಿಜಾತಕ್ಕೆ ಆ ನಿಯಮವಿಲ್ಲ. ರಾತ್ರಿ ಗಿಡದಡಿ ಹಳೇ ಪಂಚೆ ಹಾಸಿಟ್ಟರೆ ಬೆಳಿಗ್ಗೆ ಎತ್ತಿಕೊಳ್ಳುವುದೊಂದೇ ಕೆಲಸ. ಸತ್ಯಭಾಮೆಯ ಅಂಗಳದ ಗಿಡ ರುಕ್ಮಿಣಿಯ ಅಂಗಳಕ್ಕೆ ಹೂ ಉದುರಿಸಿದ ಕಥೆ ಎಲ್ಲರಿಗೂ ಗೊತ್ತಲ್ಲ. ಕಾಂಪೌಂಡಿಗೆ ಒತ್ತಿ ನೆಟ್ಟರೆ ನಿಮ್ಮಲ್ಲೂ ಆಗುವುದು ಅದೇ.

ಬೇಲಿಯ ಹಾಗೆ ಬೆಳೆಸಬೇಕು, ವಾಸನೆಯೂ ಬೇಕು.

ಕಾಮಿನಿ. ಕರಿಬೇವಿನ ನೆಂಟ, ಸಣ್ಣ ಹೊಳೆಯುವ ಎಲೆ, ಬಿಳಿ ಹೂವಿನ ಗೊಂಚಲಲ್ಲಿ ಕಿತ್ತಳೆ ಹೂವಿನಂಥ ಕಂಪು. ಒಳ್ಳೆಯ ಮಳೆ ಬಿದ್ದ ಕೆಲವು ದಿನಕ್ಕೆ ಇಡೀ ಗಿಡ ಒಟ್ಟಿಗೆ ಬೆಳ್ಳಗಾಗುತ್ತದೆ. ಆದರೆ ವಾರಕ್ಕೊಮ್ಮೆ ಡಬ್ಬಿಯ ಹಾಗೆ ಕತ್ತರಿಸುತ್ತಿದ್ದರೆ ಮೊಗ್ಗೂ ಕತ್ತರಿಗೇ ಹೋಗುತ್ತದೆ. ಮನೆಯಲ್ಲಿ ನಿಂಬೆ ಗಿಡವಿದ್ದರೆ ಸ್ವಲ್ಪ ಯೋಚಿಸಿ, ನಿಂಬೆಯನ್ನು ಕಾಡುವ ಸಿಲ್ಲಾ ಹೇನಿಗೆ ಕಾಮಿನಿ ಅಂದರೆ ತವರುಮನೆ.

ತಂತಿ ಬೇಲಿಗೆ ಹಬ್ಬಿಸಲು ಮನೋರಂಜಿತವೂ ಇದೆ. ಹೂ ಎಲೆಯ ಬಣ್ಣದ್ದೇ, ಕಣ್ಣಿಗೆ ಕಾಣುವುದಿಲ್ಲ. ಹಳದಿಗೆ ತಿರುಗಿದಾಗ ಹಣ್ಣಿನ ವಾಸನೆ. ಯಾವ ಹಣ್ಣು ಎಂದು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಕೇದಗೆ?

ಕೆರೆ ಏರಿಯಿದ್ದರೆ ಹಾಕಿ. ಸೈಟಿಗಲ್ಲ.

ಯಾವಾಗ ನೆಡಬೇಕು? ನಮ್ಮದು ಎರೆಮಣ್ಣು.

ಮುಂಗಾರು ಹಿಡಿದ ಮೇಲೆ, ಜೂನ್‌ನಿಂದ. ಕರಾವಳಿಯಲ್ಲಿ ಮಾತ್ರ ಮಳೆಯ ಅಬ್ಬರ ಇಳಿಯುವತನಕ ಕಾಯುವುದು ವಾಸಿ, ಇಲ್ಲದಿದ್ದರೆ ಗುಂಡಿ ಬಾವಿಯಾಗುತ್ತದೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಹದಿನೈದು ದಿನ ಬಿಸಿಲಿಗೆ ಬಿಡಿ. ಮಲ್ಲಿಗೆಗೆ ಗಿಡದಿಂದ ಗಿಡಕ್ಕೆ ನಾಲ್ಕಡಿ, ಜಾಜಿಗೆ ಐದಾರು ಅಡಿ ಬೇಕು. ಹೊಸ ಮನೆಯಾದರೆ ಮಣ್ಣಿನಡಿ ಗಾರೆಯವರು ಹೂತ ಸಿಮೆಂಟು, ಜಲ್ಲಿ ಇದ್ದೇ ಇರುತ್ತದೆ. ಅದನ್ನೆಲ್ಲ ತೆಗೆಸದೇ ನೆಟ್ಟ ಗಿಡ ಎರಡನೇ ವರ್ಷಕ್ಕೆ ಕುಗ್ಗುತ್ತದೆ.

ಎರೆಮಣ್ಣಿನವರು ಗುಂಡಿಗಿಂತ ದಿಬ್ಬದ ಮೇಲೆ ನೆಡಿ. ಒಂದಡಿ ಎತ್ತರದ ಏರುಮಡಿ ಮಾಡಿ, ದಪ್ಪ ಮರಳು, ಗೊಬ್ಬರ ಬೆರೆಸಿ. ಎರೆಗೆ ನೀರು ಹಿಡಿದಿಡುವ ಗುಣವಿದೆ, ಮಲ್ಲಿಗೆ ಬೇರಿಗೆ ಅದು ಉಸಿರು ಕಟ್ಟಿಸುವ ಗುಣ. ಹೂವಿನಹಡಗಲಿ ಹೆಸರಿನಲ್ಲೇ ಹೂವಿಟ್ಟುಕೊಂಡ ಊರು, ಬಯಲುಸೀಮೆಯ ಬಿಸಿಲಿನಲ್ಲೂ ಮಲ್ಲಿಗೆ ಆಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬಿಸಿಲು ಅದಕ್ಕೆ ತೊಂದರೆಯಲ್ಲ, ನಿಂತ ನೀರು ತೊಂದರೆ.

ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ?

ಪೂರ್ವ ಅಥವಾ ಪಶ್ಚಿಮ ಮುಖವಾದರೆ ದುಂಡುಮಲ್ಲಿಗೆ, 14-16 ಇಂಚಿನ ಕುಂಡದಲ್ಲಿ. ಕೆಮ್ಮಣ್ಣು ಎರಡು ಪಾಲು, ಮರಳು ಒಂದು, ಗೊಬ್ಬರ ಒಂದು. ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಹಗುರ ಕುಂಡ ಎತ್ತಿಡಲು ಸುಖ, ಗಿಡಕ್ಕೆ ಅದರಲ್ಲಿ ತಿನ್ನಲು ಏನೂ ಇಲ್ಲ. ಉತ್ತರ ಮುಖವಾದರೆ ಮಲ್ಲಿಗೆ ಆಸೆ ಬಿಟ್ಟು ನಂದಿಬಟ್ಟಲು ಅಥವಾ ಕಾಮಿನಿ ನೋಡಿ, ಹೂ ಕಡಿಮೆಯೇ ಇರುತ್ತದೆ. ಮೇಲಿನ ಮಹಡಿಗಳಲ್ಲಿ ಗಾಳಿ ಜೋರು, ವಾಸನೆ ನಿಲ್ಲುವುದಿಲ್ಲ. ಗಿಡವನ್ನು ಗ್ರಿಲ್ಲಿಗಲ್ಲ, ಒಳಗೋಡೆಗೆ ಹತ್ತಿರವಿಡಿ.

ಬಾಳೆಸಿಪ್ಪೆ ನೀರು, ಅಕ್ಕಿ ತೊಳೆದ ನೀರು, ಟೀ ಚರಟ, ಮೊಟ್ಟೆ ಚಿಪ್ಪು ಹಾಕಬಹುದಾ?

ಕೆಟ್ಟದ್ದಲ್ಲ, ಪವಾಡವೂ ಅಲ್ಲ. ಅಕ್ಕಿ ತೊಳೆದ ನೀರು ಚೆಲ್ಲುವ ಬದಲು ಗಿಡಕ್ಕೆ ಹಾಕಿ, ಧಾರಾಳವಾಗಿ. ಸಿಪ್ಪೆ, ಚರಟವನ್ನು ಗೊಬ್ಬರದ ಡಬ್ಬಿಗೆ ಹಾಕಿ ಕೊಳೆಸಿ ಕೊಡಿ, ಹಸಿಯಾಗಿ ಬುಡಕ್ಕೆ ತುರುಕಿದರೆ ಇರುವೆ, ಹೆಗ್ಗಣ. ಸಕ್ಕರೆ ಹಾಕಿದ ಟೀ ಚರಟಕ್ಕಂತೂ ಇರುವೆಗಳು ಮದುವೆ ದಿಬ್ಬಣದಂತೆ ಬರುತ್ತವೆ. ಬಟ್ಟೆ ಒಗೆದ ಸೋಪಿನ ನೀರು ಬೇಡ.

ಮೊದಲಿನಷ್ಟು ವಾಸನೆಯೇ ಬರಲ್ಲ ಈಗ.

ಮೂರು ಸಾಧ್ಯತೆ. ಗುಲಾಬಿಯಾದರೆ ತಳಿಯೇ ಹಾಗೆ, ದೊಡ್ಡ ಹೂ, ಬಹಳ ದಿನ ಬಾಡದ ಹೂ ಎಂದು ಆರಿಸುತ್ತಾ ಹೋದವರು ಘಮವನ್ನು ದಾರಿಯಲ್ಲಿ ಬಿಟ್ಟುಬಂದರು. ಮಲ್ಲಿಗೆಯಾದರೆ ನೆರಳು, ಅತಿ ನೀರು. ಮೂರನೆಯದು ನಿಮ್ಮ ಮೂಗು. ಹತ್ತು ನಿಮಿಷ ಒಂದೇ ವಾಸನೆಯಲ್ಲಿ ಕೂತರೆ ಮೂಗು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದು ಸುತ್ತು ಬೀದಿಗೆ ಹೋಗಿ ಬಂದು ಗೇಟು ತೆಗೆಯಿರಿ, ಆಗ ಹೇಳಿ.

ಮೊಗ್ಗು ಯಾವಾಗ ಕೀಳಬೇಕು?

ಬೆಳಿಗ್ಗೆ ಬೇಗ, ಪೂರ್ತಿ ಬಲಿತು ಬೆಳ್ಳಗಾದ, ಇನ್ನೂ ಬಿರಿಯದ ಮೊಗ್ಗು. ಕಿತ್ತ ಮೇಲೂ ಮಲ್ಲಿಗೆ ಜೀವಂತ, ಸಂಜೆಗೆ ಮುಡಿಯಲ್ಲೇ ಅರಳಿ ಹೊಸದಾಗಿ ಕಂಪು ಬಿಡುತ್ತದೆ. ಒದ್ದೆ ಬಟ್ಟೆಯಲ್ಲೋ ಬಾಳೆಲೆಯಲ್ಲೋ ಸುತ್ತಿ ತಂಪಿನಲ್ಲಿಡಿ. ಮೇಲೆ ನೀರು ಚಿಮುಕಿಸುತ್ತಾ ಹೋದರೆ ಕಂದು ಕಲೆ ಬೀಳುತ್ತದೆ.

ನಾವು ಅಮೆರಿಕದಲ್ಲಿದ್ದೇವೆ. ಇಲ್ಲಿ ಮಲ್ಲಿಗೆ ಬೆಳೆಯಬಹುದಾ?

ಕುಂಡದಲ್ಲಿ ಖಂಡಿತ. ಅಲ್ಲಿಯ ನರ್ಸರಿಗಳಲ್ಲಿ ನಮ್ಮ ದುಂಡುಮಲ್ಲಿಗೆ ಜಾತಿ "ಮೇಡ್ ಆಫ್ ಓರ್ಲಿಯನ್ಸ್", "ಗ್ರ್ಯಾಂಡ್ ಡ್ಯೂಕ್ ಆಫ್ ಟಸ್ಕನಿ" ಎಂಬ ದೊಡ್ಡ ದೊಡ್ಡ ಹೆಸರು ಹೊತ್ತು ನಿಂತಿರುತ್ತದೆ. ಎರಡನೆಯದು ಸುತ್ತು ಮಲ್ಲಿಗೆ, ಪುಟ್ಟ ಗುಲಾಬಿಯಂತೆ. ರಾತ್ರಿಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮುಂಚೆ ಒಳಗೆ ತನ್ನಿ, ದಕ್ಷಿಣದ ಕಿಟಕಿಗಿಡಿ, ನೀರು ಕಡಿಮೆ ಮಾಡಿ. ಹೀಟರಿನ ಒಣ ಹವೆಗೆ ನುಸಿ ಬರುತ್ತದೆ, ಆಗಾಗ ಸ್ನಾನ ಮಾಡಿಸಿ. "ಕೆರೊಲಿನಾ ಜೆಸ್ಸಮಿನ್" ಎಂಬ ಹಳದಿ ಹೂವನ್ನು ಹೆಸರು ನೋಡಿ ಮನೆಗೆ ತರಬೇಡಿ, ಅದು ಮಲ್ಲಿಗೆಯೂ ಅಲ್ಲ, ಮೇಲಾಗಿ ವಿಷ.

ಅಜ್ಜಿ ಮನೆ ಮಾರ್ತಿದ್ದಾರೆ. ಅಲ್ಲಿರೋ ಹಳೇ ಮಲ್ಲಿಗೆ ಗಿಡ ಕಿತ್ತು ತಂದು ನೆಡಬಹುದಾ?

ಕೀಳಬೇಡಿ, ಅಷ್ಟು ಹಳೆಯ ಬುಡ ಬದುಕುವುದು ಅನುಮಾನ. ನೋಂದಣಿಗೆ ಇನ್ನೂ ಎರಡು ಮೂರು ತಿಂಗಳಿದ್ದರೆ ಮಣ್ಣೊತ್ತಿ. ನೆಲಕ್ಕೆ ಬಾಗುವ, ಪೆನ್ಸಿಲ್ ದಪ್ಪದ ಕೊಂಬೆ ಆರಿಸಿ, ಗೆಣ್ಣಿನ ಕೆಳಗೆ ಒಂದಂಗುಲ ತೊಗಟೆ ಕೆರೆದು, ಅಷ್ಟು ಭಾಗವನ್ನು ಮೂರ್ನಾಲ್ಕು ಇಂಚು ಮಣ್ಣಿನಲ್ಲಿ ಹೂತು ಮೇಲೊಂದು ಕಲ್ಲು ಹೇರಿ. ತುದಿ ಹೊರಗಿರಲಿ. ತೇವ ಆರದಂತೆ ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿ. ಕೊಂಬೆ ಬಾಗದಿದ್ದರೆ ಅಲ್ಲೇ ಗೂಟಿ ಕಟ್ಟಿ, ತೊಗಟೆ ಉಂಗುರದಂತೆ ತೆಗೆದು, ಒದ್ದೆ ತೆಂಗಿನ ನಾರಿನ ಪುಡಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಬಿಗಿದು. ಒಳಗೆ ಬಿಳಿ ಬೇರು ಕಂಡ ಮೇಲೆ ಕತ್ತರಿಸಿ.

ಅಷ್ಟು ಸಮಯವಿಲ್ಲದಿದ್ದರೆ ಬಲಿತ, ಆದರೆ ಗಟ್ಟಿ ಮರವಾಗದ ಕಡ್ಡಿಗಳನ್ನು 6-8 ಇಂಚಿಗೆ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ತನ್ನಿ. ಕೆಳಗಿನ ಎಲೆ ತೆಗೆದು ಮರಳು ಬೆರೆತ ಮಣ್ಣಿಗೆ ಓರೆಯಾಗಿ ಚುಚ್ಚಿ, ನೆರಳಿನಲ್ಲಿಡಿ. ಮಳೆಗಾಲವಾದರೆ ಹೆಚ್ಚು ಹತ್ತುತ್ತವೆ, ಏಪ್ರಿಲ್ ಆದರೆ ಕಡಿಮೆ. ಹತ್ತು ಕಡ್ಡಿ ಬೇಕೆನಿಸಿದರೆ ಮೂವತ್ತು ತನ್ನಿ. ಚಿಗುರು ಕಂಡಕೂಡಲೇ ಎಳೆದು ನೋಡಬೇಡಿ, ಕಡ್ಡಿಯಲ್ಲಿದ್ದ ಸತ್ವಕ್ಕೇ ಒಂದು ಜೊತೆ ಎಲೆ ಬರುತ್ತದೆ, ಬೇರು ಆಮೇಲೆ. ಮೂರನೇ ಜೊತೆ ಎಲೆ ಬಂದ ಮೇಲೆ ಕುಂಡಕ್ಕೆ ಬದಲಾಯಿಸಿ, ಉಳಿದದ್ದನ್ನು ಅಕ್ಕತಂಗಿಯರಿಗೆ, ಚಿಕ್ಕಮ್ಮನ ಮನೆಗೆ ಹಂಚಿಬಿಡಿ. ನಿಮ್ಮದು ಒಣಗಿದರೆ ಅವರಲ್ಲಿ ಕಡ್ಡಿ ಕೇಳಬಹುದು.